ಕಟ್ಟೆಯ ಮಾತಿಗೆ ಕಾಗದದ ಬಲ ಬೇಕು

ಮೈಲಾರ, ಹೂವಿನಹಡಗಲಿ ಕಡೆ ಹೊಲದ ಜಗಳ ಅಂದರೆ ಹೆಚ್ಚಾಗಿ ಬದು ಒತ್ತಿದ್ದು, ಬಂಡಿದಾರಿ ಮುಚ್ಚಿದ್ದು, ಇಲ್ಲವೇ ಅಣ್ಣತಮ್ಮಂದಿರ ಬೋರ್‌ವೆಲ್ ನೀರಿನ ಪಾಳಿ. ಗುಂಟೆ ಲೆಕ್ಕದ ಇಂಥ ತಕರಾರನ್ನು ಕೋರ್ಟಿಗೆ ಒಯ್ದರೆ ವಾಯಿದೆಗೆ ಓಡಾಡುವ ಖರ್ಚೇ ಆ ಗುಂಟೆಯ ಬೆಲೆ ಮೀರುತ್ತದೆ. ಬಿತ್ತನೆ ಹೊತ್ತಿಗೆ ತಡೆಯಾಜ್ಞೆ ಬಂತೋ, ಆ ವರ್ಷದ ಮೆಕ್ಕೆಜೋಳವೂ ಹೋಯಿತು. ಹಿರಿಯರ ಮುಂದೆ ಬಗೆಹರಿಸಿಕೊಳ್ಳುವುದೇ ಲೇಸು ಎಂಬ ಪಕ್ಷ ನನ್ನದು. ಆದರೆ ಈಗ ನಡೆಯುವ ರೀತಿಯಲ್ಲಲ್ಲ.

ಈಗ ಏನಾಗುತ್ತದೆ? ಕಟ್ಟೆ ಮೇಲೆ ನಾಲ್ಕು ಜನ ಕೂಡುತ್ತಾರೆ. "ಆತು ಬಿಡ್ರಪ್ಪ, ನೀ ಎರಡು ಮೊಳ ಬಿಡು, ಅವ ದಾರಿ ಬಿಡ್ಲಿ" ಅಂತಾರೆ, ಚಹಾ ಕುಡಿದು ಏಳುತ್ತಾರೆ. ಮುಂದಿನ ಮುಂಗಾರಿಗೆ ಆ ಎರಡು ಮೊಳ ಎಲ್ಲಿಂದ ಅಳೆಯೋದು ಎಂಬುದೇ ಹೊಸ ಜಗಳ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಕಾರಣಿಕ ಒಂದೇ ವಾಕ್ಯ. ವಾಪಸ್ ಹೊರಟ ಬಂಡಿಗೊಂದು ಅರ್ಥ. ಕಾರಣಿಕಕ್ಕೆ ಅದು ಸೈ, ಬದುವಿಗೆ ನಡೆಯದು.

1996ರ ಮಧ್ಯಸ್ಥಿಕೆ ಕಾಯ್ದೆ ಕಂತ್ರಾಟುದಾರರಿಗೆ, ಕಂಪನಿಗಳಿಗೆ ಮಾತ್ರ ಅಂತ ಬಹಳ ಮಂದಿ ತಿಳಿದಿದ್ದಾರೆ. ಹಾಗೇನಿಲ್ಲ. ಪಂಚರು ವಕೀಲರೇ ಆಗಬೇಕಿಲ್ಲ. 'ಈ ತಕರಾರನ್ನು ಇಂಥವರ ತೀರ್ಮಾನಕ್ಕೆ ಬಿಟ್ಟಿದ್ದೇವೆ' ಎಂದು ಎರಡೂ ಕಡೆಯವರು ಮೊದಲೇ ಬರೆದು ಸಹಿ ಹಾಕಬೇಕು. ಪಂಚರು ಒಬ್ಬರು ಇಲ್ಲವೇ ಮೂವರು, ಹೀಗೆ ಬೆಸ ಸಂಖ್ಯೆಯಲ್ಲಿರಬೇಕು. ತೀರ್ಮಾನವನ್ನು ಕಾರಣ ಸಮೇತ ಬರೆದು, ಸಹಿ ಮಾಡಿ ಇಬ್ಬರಿಗೂ ಕೊಡಬೇಕು. ಅದನ್ನು ರದ್ದು ಮಾಡಿಸಲು ಸಾಮಾನ್ಯವಾಗಿ ಮೂರು ತಿಂಗಳ ಗಡುವು. ಆಮೇಲೆ ಕೋರ್ಟಿನ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು. ಛಾಪಾ ಶುಲ್ಕ ಕಟ್ಟಬೇಕು, ಜಮೀನಿನ ಹಕ್ಕೇ ಬದಲಾದರೆ ನೋಂದಣಿಯೂ ಬೇಕು.

ಇಷ್ಟು ರಗಳೆ ಬೇಡವೆನ್ನುವವರಿಗೆ ಲೋಕ ಅದಾಲತ್ ಇದೆ. ಕಟ್ಟೆಯಲ್ಲಿ ಆದ ರಾಜಿಯನ್ನೇ ತಾಲೂಕು ಕಾನೂನು ಸೇವಾ ಸಮಿತಿಗೆ ಒಯ್ಯಬಹುದು, ದಾವೆ ಹೂಡಿರಲೇಬೇಕೆಂದಿಲ್ಲ. ಅಲ್ಲಿ ಆದ ತೀರ್ಪಿಗೆ ಮೇಲ್ಮನವಿ ಇಲ್ಲ. ದಾವೆ ಮೊದಲೇ ಇದ್ದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್.

ಪಂಚರನ್ನು ಆರಿಸುವಾಗ ಸಾಲ ಕೊಟ್ಟವರು, ಪಾರ್ಟಿ ಮುಖಂಡರು ಬೇಡ. ಸಿರಿಗೆರೆಯ ತರಳಬಾಳು ಮಠದ ನ್ಯಾಯಪೀಠಕ್ಕೆ ಜನ ದೂರದಿಂದ ಹೋಗುವುದು, ಅಲ್ಲಿ ಕೂತವರಿಗೆ ನಮ್ಮ ಹೊಲದ ಮೇಲೆ ಕಣ್ಣಿಲ್ಲ ಎಂಬ ನಂಬಿಕೆಯಿಂದಲೇ ಅಂತ ನನಗನ್ನಿಸುತ್ತದೆ. ಬಡಿದಾಟ, ತಲೆ ಒಡೆದ ಪ್ರಕರಣ ಕಟ್ಟೆಗೆ ಬರಬಾರದು. ದಂಡ, ಬಹಿಷ್ಕಾರ ಹಾಕುವ ಅಧಿಕಾರ ಯಾವ ಹಿರಿಯರಿಗೂ ಇಲ್ಲ.

ಇನ್ನು ಪಾಲಿನ ಪಂಚಾಯ್ತಿಗೆ ಹೆಣ್ಣುಮಕ್ಕಳನ್ನು ಕರೆಯದ ಚಾಳಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರ ತಿದ್ದುಪಡಿ ಹೇಳಿದೆ. ಅಕ್ಕತಂಗಿಯರ ಸಹಿ ಇಲ್ಲದ ಕಾಗದ ಅವರನ್ನು ಕಟ್ಟಿಹಾಕದು. ಅವರು ನಾಳೆ ಕೋರ್ಟಿಗೆ ಹೋದರೆ ಕಟ್ಟೆಯಲ್ಲಿ ಹಂಚಿದ್ದನ್ನೆಲ್ಲ ಮತ್ತೆ ಅಳೆಯಬೇಕು.