ಶಾಲೆ ಕಮಿಟಿ ಸಭೆಗೆ ಬನ್ನಿ, ಲೆಕ್ಕದ ಪುಸ್ತಕ ಬಿಚ್ಚಿ ನೋಡೋಣ

ಅಕ್ಕಂದಿರೇ, ಅಣ್ಣಂದಿರೇ, ಮೊಮ್ಮಕ್ಕಳ ಕೈ ಹಿಡಿದು ಶಾಲೆ ಗೇಟಿನವರೆಗೂ ಬಿಟ್ಟುಬರುವ ಅಜ್ಜಿ ತಾತಂದಿರೇ,

ಬರುವ ಶನಿವಾರ, ಬೆಳಗಿನ ಶಾಲೆ ಬಿಟ್ಟ ಕೂಡಲೇ, ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಪೋಷಕರ ಸಭೆ ಇದೆ. ಎಸ್‌ಡಿಎಂಸಿಗೆ, ಅಂದರೆ ನಾವು ಶಾಲೆ ಕಮಿಟಿ ಅಂತ ಕರೆಯುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಅವತ್ತು ಹೊಸಬರನ್ನು ಆರಿಸಬೇಕು. ಹೋದ ಸಲ ಇದೇ ಸಭೆಗೆ ಬಂದವರು 11 ಮಂದಿ. ಶಾಲೆಯಲ್ಲಿರುವ ಮಕ್ಕಳು 140. ಬಂದಷ್ಟು ಜನ ಕೂತು ಹೆಸರು ಬರೆದರು. ಆಮೇಲೆ ನಡಾವಳಿ ಪುಸ್ತಕ ಮನೆಮನೆಗೆ ಬಂತು, ಕೆಲಸಕ್ಕೆ ಹೊರಟಿದ್ದವರು ನಿಂತ ಕಾಲಲ್ಲೇ ಸಹಿ ಹಾಕಿದರು. ನಾನೂ ಹಾಕಿದೆ. ಏನು ಬರೆದಿದೆ ಅಂತ ಓದಲಿಲ್ಲ.

ಈ ಸಲ ಹಾಗಾಗಬಾರದು. ಯಾಕೆ ಅನ್ನುವುದನ್ನು ಹೇಳಲಿಕ್ಕೇ ಈ ಹಾಳೆ ನಿಮ್ಮ ಕೈಗೆ ಬಂದಿದೆ.

ನನ್ನ ಮಗಳು ಏಳನೇ ತರಗತಿಗೆ ಬಂದ ಮೇಲೆ ಬೆಳಿಗ್ಗೆ ನೀರು ಕುಡಿಯುವುದನ್ನು ಬಿಟ್ಟಳು. ಬಾಟಲಿ ತುಂಬಿಸಿ ಕೊಟ್ಟರೆ ಸಂಜೆ ಹಾಗೇ ವಾಪಸು ತರುತ್ತಿದ್ದಳು. ಬೈದು ಕೇಳಿದ್ದಕ್ಕೆ ಒಂದು ದಿನ ಹೇಳಿದಳು: "ಕುಡಿದರೆ ಹೋಗಬೇಕಾಗುತ್ತಮ್ಮ. ಅಲ್ಲಿ ನೀರು ಬರಲ್ಲ." ಹುಡುಗಿಯರ ಶೌಚಾಲಯಕ್ಕೆ ಗೋಡೆ ಇತ್ತು, ಬಾಗಿಲಿತ್ತು, ಸುಣ್ಣಬಣ್ಣವೂ ಆಗಿತ್ತು. ಟ್ಯಾಂಕಿನಿಂದ ಅಲ್ಲಿಗೆ ಪೈಪು ಎಳೆದಿರಲಿಲ್ಲ, ಅಷ್ಟೇ. ನಾವು ನಾಲ್ಕು ಜನ ತಾಯಂದಿರು ಕೇಳಲು ಹೋದೆವು. ಶಾಲೆಯಲ್ಲಿ ಪಂಚಾಯಿತಿಗೆ ಹೇಳಿ ಅಂದರು. ಪಂಚಾಯಿತಿಯಲ್ಲಿ ಅದು ಶಿಕ್ಷಣ ಇಲಾಖೆಯದ್ದು ಅಂದರು. ತಾಲ್ಲೂಕಿನ ಕಚೇರಿಗೆ ಎರಡು ಸಲ ಕೂಲಿ ಬಿಟ್ಟು ಹೋದೆವು, ಬರವಣಿಗೆಯಲ್ಲಿ ಕೊಡಿ ಅಂದರು. ಯಾರ ಹೆಸರಿಗೆ, ಏನಂತ ಬರೆಯಬೇಕು ಅನ್ನುವುದು ನಮಗೆ ಗೊತ್ತಿರಲಿಲ್ಲ. ಎಂಟು ತಿಂಗಳು ಹೀಗೇ ಕಳೆಯಿತು.

ಕೊನೆಗೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಜಗಲಿ ಮೇಲೆ ಕೂರಿಸಿಕೊಂಡು ದಾರಿ ಹೇಳಿಕೊಟ್ಟರು. "ನೀವು ನೀವಾಗಿ ಹೋಗಿ ಕೇಳಿದರೆ ಅದು ನಾಲ್ಕು ಹೆಂಗಸರ ಮಾತು. ಕಮಿಟಿಯಲ್ಲಿ ಠರಾವು ಮಾಡಿಸಿ ಕೊಟ್ಟರೆ ಅದು ಶಾಲೆಯ ಮಾತು." ಅರ್ಧ ಪುಟದ ಠರಾವಾಯಿತು. ಒಂದು ಪ್ರತಿ ಪಂಚಾಯಿತಿಯ ಪಿಡಿಒ ಅವರಿಗೆ, ಇನ್ನೊಂದು ತಾಲ್ಲೂಕಿನ ಶಿಕ್ಷಣಾಧಿಕಾರಿ ಬಿಇಒ ಅವರಿಗೆ. ನಮ್ಮ ಪ್ರತಿಯ ಮೇಲೆ ಎರಡೂ ಕಡೆ ದಿನಾಂಕ ಸಮೇತ ಸೀಲು ಹಾಕಿಸಿಕೊಂಡೆವು. ಒಂದೂವರೆ ತಿಂಗಳಲ್ಲಿ ಪೈಪು ಬಂತು. ಅಷ್ಟು ಹೊತ್ತಿಗೆ ಎಷ್ಟು ಹೆಣ್ಣುಮಕ್ಕಳು ಎಷ್ಟು ದಿನ ಬಾಯಾರಿಕೊಂಡು ಪಾಠ ಕೇಳಿದ್ದರೋ. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಆ ಕಮಿಟಿಗೆ ಇರುವ ಅಧಿಕಾರ ಯಾರೋ ದಯೆಯಿಂದ ಕೊಟ್ಟದ್ದಲ್ಲ. ಕರ್ನಾಟಕ ಸರ್ಕಾರ 2001ರಲ್ಲೇ ಆದೇಶ ಮಾಡಿ ಈ ಸಮಿತಿಗಳನ್ನು ತಂದಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಅದಕ್ಕೆ ಇಡೀ ದೇಶದ ಕಾನೂನಿನ ಬಲ ಕೊಟ್ಟಿತು. ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಮಕ್ಕಳ ತಂದೆತಾಯಿಗಳೋ ಪೋಷಕರೋ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ಹಿಂದುಳಿದ, ಬಡ ಕುಟುಂಬಗಳ ಮಕ್ಕಳು ಶಾಲೆಯಲ್ಲಿ ಎಷ್ಟಿದ್ದಾರೋ ಅದಕ್ಕೆ ತಕ್ಕ ಪಾಲು ಅವರ ಪೋಷಕರಿಗೆ ಸಿಗಬೇಕು. ಕಾಲೋನಿಯವರನ್ನು ಬಿಟ್ಟು ಮೇಲಿನ ಬೀದಿಯವರೇ ಕೂತು ಮಾಡಿಕೊಂಡ ಕಮಿಟಿ ಕಾನೂನಿಗೆ ಹೊಂದುವುದಿಲ್ಲ, ನೆನಪಿರಲಿ. ಶಾಲೆ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡುವುದು, ಶಾಲೆಗೆ ಏನು ಬೇಕು ಅನ್ನುವ ಯೋಜನೆ ಬರೆಯುವುದು, ಬಂದ ಹಣ ಹೇಗೆ ಖರ್ಚಾಯಿತು ಅಂತ ಪರಿಶೀಲಿಸುವುದು, ಈ ಮೂರೂ ಅದರ ಕೆಲಸ.

ಈಗ ಹಣದ ಮಾತಿಗೆ ಬರೋಣ, ಯಾಕೆಂದರೆ ಎಲ್ಲರೂ ಬಾಯಿ ಮುಚ್ಚಿಕೊಳ್ಳುವುದು ಇಲ್ಲೇ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಮಕ್ಕಳ ಸಂಖ್ಯೆಗೆ ತಕ್ಕಂತೆ ವರ್ಷಕ್ಕೊಂದು ಶಾಲಾ ಅನುದಾನ ಗೊತ್ತುಮಾಡಿದ್ದಾರೆ: 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, 1,000ದವರೆಗೆ 75,000. ನಮ್ಮ 140 ಮಕ್ಕಳ ಶಾಲೆ 50,000ದ ಸಾಲಿಗೆ ಬರುತ್ತದೆ. ಅದರಲ್ಲಿ ಶೇಕಡಾ 10ರಷ್ಟಾದರೂ ಸ್ವಚ್ಛತೆಗೇ ಹೋಗಬೇಕು ಅನ್ನುವುದು ನಿಯಮ. ಅಂದರೆ 5,000 ರೂಪಾಯಿ. ನಮ್ಮ ಶಾಲೆಯ ಆ ಪೈಪಿಗೆ ಅಷ್ಟು ಸಾಕಿತ್ತು. ಆಟದ ಸಾಮಾನಿಗೆಂದು ಹಿರಿಯ ಪ್ರಾಥಮಿಕ ಶಾಲೆಗಳಿಗೆ 10,000ದವರೆಗೆ ಬೇರೆ ಅನುದಾನ ಉಂಟು, ಗ್ರಂಥಾಲಯಕ್ಕೆ ಇನ್ನೊಂದು. ಈ ಹಣ ಹೆಡ್‌ಮೇಷ್ಟ್ರು ಮತ್ತು ಕಮಿಟಿ ಅಧ್ಯಕ್ಷರ ಜಂಟಿ ಖಾತೆಯಲ್ಲಿ ನಡೆಯುತ್ತದೆ. ಕೆಲವು ವರ್ಷ ತಡವಾಗಿ ಬರುತ್ತದೆ, ಕಂತಾಗಿ ಬರುತ್ತದೆ, ಪೂರ್ತಿ ಬಾರದೆಯೂ ಹೋಗಬಹುದು. ಹಾಗಾದರೆ ಎಷ್ಟು ಬಂತು, ಯಾವತ್ತು ಬಂತು, ಯಾತಕ್ಕೆ ಹೋಯಿತು? ಪಾಸ್‌ಬುಕ್ಕು ಮತ್ತು ನಗದು ಪುಸ್ತಕ ಎದುರಿಗಿಟ್ಟು ಓದಿ ಹೇಳಿ ಅಂತ ಕೇಳುವುದು ಜಗಳವಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ಪ್ರತಿ ವಾರ ಐವತ್ತು ರೂಪಾಯಿಗೂ ಲೆಕ್ಕ ಕೇಳುವ ನಾವು ನಮ್ಮ ಮಕ್ಕಳ ಶಾಲೆಯ ಐವತ್ತು ಸಾವಿರಕ್ಕೆ ಕೇಳಬಾರದೇ?

ಮೇಷ್ಟ್ರ ಲೆಕ್ಕವನ್ನೂ ಕಲಿತುಕೊಳ್ಳಿ. ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು, 90ರವರೆಗೆ ಮೂವರು, 120ರವರೆಗೆ ನಾಲ್ವರು, 200ರವರೆಗೆ ಐವರು ಶಿಕ್ಷಕರಿರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. ಆರರಿಂದ ಎಂಟಕ್ಕೆ ತರಗತಿಗೊಬ್ಬರಾದರೂ ಬೇಕು, ಅವರಲ್ಲಿ ಗಣಿತ ವಿಜ್ಞಾನಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು. ನಮ್ಮ ಶಾಲೆಯಲ್ಲಿ ಐದರವರೆಗೆ 92 ಮಕ್ಕಳು, ಮೇಲಿನ ಮೂರು ತರಗತಿಗೆ 48. ಕೂಡಿಸಿ ನೋಡಿ, ಏಳು ಜನ ಬೇಕು. ಇರುವವರು ನಾಲ್ವರು, ಅವರಲ್ಲಿ ಒಬ್ಬರು ಅತಿಥಿ ಶಿಕ್ಷಕರು. ಎಂಟನೇ ತರಗತಿಯ ಹುಡುಗ ಭಾಗಾಕಾರಕ್ಕೆ ತಡವರಿಸಿದರೆ ಅವನ ತಲೆಗೆ ಮೊಟಕುವ ಮೊದಲು ಈ ಲೆಕ್ಕ ನೆನಪು ಮಾಡಿಕೊಳ್ಳೋಣ.

ಒಂದು ಮಾತು ಬಿಡಿಸಿ ಹೇಳಬೇಕು. ನಾವು ಮೇಷ್ಟ್ರುಗಳ ಮೇಲೆ ಏರಿ ಹೋಗುತ್ತಿಲ್ಲ. ಮೊಟ್ಟೆ ತರುವುದರಿಂದ ಹಿಡಿದು ಮೊಬೈಲಿನಲ್ಲಿ ಹಾಜರಿ, ಹಾಲು, ಶೂ, ಎಲ್ಲದರ ಅಂಕಿಅಂಶ ತುಂಬುವುದೂ ಅವರ ತಲೆ ಮೇಲೇ ಬಿದ್ದಿದೆ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಪಾಠಕ್ಕೆ ಹೊರತಾದ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅನ್ನುವುದೂ ಅದೇ ಕಾಯ್ದೆಯಲ್ಲಿದೆ. 1995ರಲ್ಲಿ ಎಚ್.ಡಿ. ಕೋಟೆಯ ಹಳ್ಳಿ ಶಾಲೆಗಳ ಶಿಕ್ಷಕರು ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಬಂದು, ಮಕ್ಕಳು ಗುಂಪಿನಲ್ಲಿ ಕೂತು ಕಾರ್ಡು ಹಿಡಿದು ತಮ್ಮ ವೇಗಕ್ಕೆ ಕಲಿಯುವ ನಲಿ-ಕಲಿಯನ್ನು ಶುರುಮಾಡಿದರು. ಆಮೇಲೆ ಅದು ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹೋಯಿತು. ಅಂಥ ಶಿಕ್ಷಕರು ನಮ್ಮಲ್ಲೂ ಇದ್ದಾರೆ. ಅವರ ಬೆನ್ನಿಗೆ ಊರು ನಿಲ್ಲಬೇಕು.

ಯಾವ ಬಾಗಿಲು ತಟ್ಟಬೇಕು?

ಶಾಲೆಗೆ ಅತಿ ಹತ್ತಿರದ ಇಲಾಖೆಯ ಮನುಷ್ಯ ಸಿಆರ್‌ಪಿ, ಅಕ್ಕಪಕ್ಕದ ಹಲವು ಶಾಲೆಗಳನ್ನು ಸುತ್ತುವವರು. ತಾಲ್ಲೂಕಿನಲ್ಲಿ ಬಿಇಒ, ಜಿಲ್ಲೆಯಲ್ಲಿ ಉಪನಿರ್ದೇಶಕರು. ಶಿಕ್ಷಕರ ಕೊರತೆ, ಕಟ್ಟಡ, ಟಿಸಿ ತಕರಾರು, ಹಣದ ದೂರು ಈ ದಾರಿಯಲ್ಲಿ ಹೋಗಬೇಕು. ತರಬೇತಿಗೆ ಜಿಲ್ಲೆಯಲ್ಲಿ ಡಯಟ್ ಇದೆ, ಪಠ್ಯಕ್ರಮ ನೋಡಿಕೊಳ್ಳಲು ಬೆಂಗಳೂರಿನಲ್ಲಿ ಡಿಎಸ್‌ಇಆರ್‌ಟಿ ಇದೆ. ಪುಸ್ತಕ ಕೊಡುವುದು ಕರ್ನಾಟಕ ಪಠ್ಯಪುಸ್ತಕ ಸಂಘ. ಪುಸ್ತಕ ತಡವಾದರೆ ಅದರ ಜಾಲತಾಣದಲ್ಲಿ ಎಲ್ಲ ತರಗತಿಯ ಪುಸ್ತಕಗಳೂ ಉಚಿತವಾಗಿ ಸಿಗುತ್ತವೆ, ಊರಿನ ಕಾಲೇಜು ಹುಡುಗರು ಮೊಬೈಲಿಗೆ ಇಳಿಸಿಕೊಡಬಹುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ತಪ್ಪು ತಿದ್ದುವ ಕೆಲಸ ಮಾತ್ರ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯದು, ಆದರೆ ಅರ್ಜಿ ನಿಮ್ಮ ಪ್ರೌಢಶಾಲೆಯ ಮೂಲಕವೇ ಹೋಗಲಿ.

ತಾಲ್ಲೂಕಿನ ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದ ಕಚೇರಿಯ ವಿಚಾರ ಬೇರೆಯಾಗಿ ಹೇಳುತ್ತೇನೆ. ಕೆರೆ ಹಿಂದಿನ ಬೀದಿಯಲ್ಲಿ ಒಂದು ಮಗು ಒಂಬತ್ತು ವರ್ಷವಾದರೂ ಮನೆಯಲ್ಲೇ ಇತ್ತು. ನಡೆಯಲಾಗದು, ಮಾತು ಸ್ಪಷ್ಟವಿಲ್ಲ. "ಇದನ್ನ ಯಾರು ಸೇರಿಸಿಕೊಳ್ಳುತ್ತಾರೆ" ಅಂತ ತಾಯಿ ಕೇಳಲೇ ಇಲ್ಲ. ಸಮಗ್ರ ಶಿಕ್ಷಣದಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆಂದೇ ತರಬೇತಾದ ಸಂಪನ್ಮೂಲ ಶಿಕ್ಷಕರು ಬಿಆರ್‌ಸಿಯಲ್ಲಿರುತ್ತಾರೆ. ತಪಾಸಣಾ ಶಿಬಿರ ನಡೆಯುತ್ತದೆ, ಗಾಲಿಕುರ್ಚಿ, ಶ್ರವಣ ಸಾಧನ ಕೊಡುತ್ತಾರೆ. ಶಾಲೆಗೆ ಬರಲಾಗದಷ್ಟು ತೀವ್ರ ತೊಂದರೆಯಿದ್ದರೆ ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣವೂ ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಆ ತಾಯಿಗೆ ಇದು ಗೊತ್ತಾಗಲು ಮೂರು ವರ್ಷ ತಡವಾಯಿತು. ನಿಮ್ಮ ಬೀದಿಯಲ್ಲಿ ಹಾಗೆ ಮನೆಯೊಳಗೇ ಉಳಿದ ಮಗು ಇದ್ದರೆ, ಈ ಹಾಳೆಯನ್ನು ಮೊದಲು ಆ ಮನೆಗೆ ಕೊಡಿ.

ಕೂಲಿಗೆಂದು ಊರೂರು ಅಲೆಯುವ ಕುಟುಂಬಗಳು ಇನ್ನೊಂದು ವಿಷಯ ಕೇಳಿ. ವಯಸ್ಸಿನ ದಾಖಲೆ ಇಲ್ಲ ಅಂತಲೋ, ಜೂನ್ ಮುಗಿಯಿತು ಅಂತಲೋ ಮಗುವನ್ನು ವಾಪಸು ಕಳಿಸುವ ಹಾಗಿಲ್ಲ. ಟಿಸಿ ಬರುವುದು ತಡವಾದರೂ ಸೇರಿಸಿಕೊಳ್ಳಲೇಬೇಕು. ಟಿಸಿ ಕೊಡಲು ಸತಾಯಿಸುವುದೂ ತಪ್ಪೇ. ಹೊಡೆಯುವುದು, ಹೀಯಾಳಿಸುವುದು ಕಾನೂನಿನಲ್ಲೇ ನಿಷಿದ್ಧ.

ಊಟದ ಮನೆಗೂ ವಾರಕ್ಕೊಮ್ಮೆ ಇಣುಕಿ. ಬಿಸಿಯೂಟ ನಮ್ಮ ರಾಜ್ಯಕ್ಕೆ ಸುಮ್ಮನೆ ಬರಲಿಲ್ಲ. ಆಹಾರದ ಹಕ್ಕಿಗಾಗಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶ ಕೊಟ್ಟ ಮೇಲೆ, 2002ರಲ್ಲಿ ಅಕ್ಷರ ದಾಸೋಹ ಮೊದಲು ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಒಲೆ ಹಚ್ಚಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, 2024ರಿಂದ ವಾರದ ಆರು ದಿನವೂ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ಪ್ರತಿ ಮಗುವಿನ ತಟ್ಟೆಗೂ ಅದು ಬೀಳುತ್ತಿದೆಯೇ? ಅಡುಗೆಯಮ್ಮಂದಿರಿಗೆ ಗೌರವಧನ ಸರಿಯಾಗಿ ಕೈ ಸೇರುತ್ತಿದೆಯೇ? ಎರಡನ್ನೂ ಒಟ್ಟಿಗೆ ಕೇಳಿ.

ಓದಿನಲ್ಲಿ ಮುಂದಿರುವ ಮಕ್ಕಳ ತಂದೆತಾಯಿಗಳಿಗೆ: ಮಗು ಐದನೇ ತರಗತಿಯಲ್ಲಿರುವಾಗಲೇ ನವೋದಯ ಮತ್ತು ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು, ಆಮೇಲೆ ಹೊಳೆದರೆ ಆ ವರ್ಷ ಹೋಯಿತು. ಎಂಟನೇ ತರಗತಿಯವರಿಗೆ ಎನ್‌ಎಂಎಂಎಸ್ ಪರೀಕ್ಷೆ ಇದೆ. ಮನೆಯ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದ, ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯ ಮಗು ಅದರಲ್ಲಿ ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನ. ಹೋದ ವರ್ಷ ನಮ್ಮ ಶಾಲೆಯಿಂದ ಒಬ್ಬರೂ ಬರೆಯಲಿಲ್ಲ, ಯಾಕೆಂದರೆ ಕಡೆಯ ದಿನ ಯಾರಿಗೂ ತಿಳಿದಿರಲಿಲ್ಲ. ಶಾಲೆಯ ಗೋಡೆಯ ಮೇಲೆ ಇಂಥ ದಿನಾಂಕಗಳನ್ನು ದಪ್ಪಕ್ಷರದಲ್ಲಿ ಬರೆಸುವುದು ಹೊಸ ಕಮಿಟಿಯ ಮೊದಲ ಕೆಲಸವಾಗಲಿ.

ಕೇಳಿದ್ದಕ್ಕೆ ಉತ್ತರ ಬಾರದಿದ್ದರೆ? ಶಿಕ್ಷಣ ಹಕ್ಕಿನ ದೂರನ್ನು ಬರವಣಿಗೆಯಲ್ಲಿ ಕೊಟ್ಟರೆ ಸ್ಥಳೀಯ ಪ್ರಾಧಿಕಾರ ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ಮಗುವಿಗೆ ಅಪಾಯ ಕಂಡರೆ ಕಾಯಬೇಡಿ, 1098ಕ್ಕೆ ಆ ಕ್ಷಣವೇ ಕರೆಮಾಡಿ. ಲೆಕ್ಕ ತೋರಿಸಲು ಹಿಂದೇಟು ಹಾಕಿದರೆ ಮಾಹಿತಿ ಹಕ್ಕಿನ ಅರ್ಜಿ ಹಾಕೋಣ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ.

ಹಾಗಾದರೆ ಶನಿವಾರ ಬನ್ನಿ. ಗಂಡಸರು ಬಂದರೆ ಸಾಕು ಅಂತ ಹೆಂಗಸರು ಮನೆಯಲ್ಲಿ ಉಳಿಯಬೇಡಿ, ಅರ್ಧ ಜಾಗ ನಿಮ್ಮದು. ಅರ್ಧ ದಿನದ ಕೂಲಿ ಹೋಗುತ್ತದೆ, ಅದು ಸಣ್ಣ ಮಾತಲ್ಲ ಅಂತ ನಮಗೂ ಗೊತ್ತು. ಗದ್ದೆಯ ಯಜಮಾನರನ್ನು, ಗಾರೆ ಕೆಲಸದ ಮೇಸ್ತ್ರಿಗಳನ್ನು ಕೈಮುಗಿದು ಕೇಳುತ್ತೇವೆ: ಆ ಒಂದು ಮಧ್ಯಾಹ್ನ ನಿಮ್ಮ ಆಳುಗಳನ್ನು ಬಿಟ್ಟುಕೊಡಿ.

ಬರುವಾಗ ಮಗುವಿನ ಸ್ಯಾಟ್ಸ್ ಸಂಖ್ಯೆ, ಅಂದರೆ ಶಾಲೆಯ ದಾಖಲೆಯಲ್ಲಿರುವ ವಿದ್ಯಾರ್ಥಿ ಸಂಖ್ಯೆ, ಬರೆದುಕೊಂಡು ಬನ್ನಿ, ವಿದ್ಯಾರ್ಥಿವೇತನದ ಅರ್ಜಿಗೆ ಅದೇ ಬೇಕು. ಒಂದು ನೋಟ್‌ಬುಕ್ಕು, ಒಂದು ಪೆನ್ನು ಇರಲಿ. ನಡಾವಳಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ. ಓದಲು ಬಾರದವರ ಪಕ್ಕ ನಾವು ಕೂರುತ್ತೇವೆ. ಹನ್ನೆರಡು ಗಂಟೆಗೆ, ಶಾಲೆ ಬೇವಿನ ಮರದ ಕೆಳಗೆ.

ಇಂತಿ,
ಇದೇ ಶಾಲೆಗೆ ಮಕ್ಕಳನ್ನು ಕಳಿಸುವ ತಾಯಂದಿರು