ಬಿ.ಪಿ. ಸರದಿಯಲ್ಲೇ ಕೂತಿರುವ ಖಿನ್ನತೆ

ಸವಣೂರು, ಶಿಗ್ಗಾವಿ, ಹಾನಗಲ್ ಕಡೆಯ ಸರ್ಕಾರಿ ದವಾಖಾನೆಗೆ ಬರುವ ಯಾರೂ ‘ನನಗೆ ಖಿನ್ನತೆ ಇದೆ’ ಎನ್ನುವುದಿಲ್ಲ. ‘ಕೈಕಾಲು ಹರೀತಾವ್ರಿ, ನಿದ್ದಿ ಹತ್ತವಲ್ದು, ಊಟ ಸೇರವಲ್ದು’ ಎನ್ನುತ್ತಾರೆ. ಕೈಯಲ್ಲಿ ಶುಗರ್, ಬಿ.ಪಿ. ಚೀಟಿ ಇರುತ್ತದೆ. ವೈದ್ಯರು ಗುಳಿಗೆ ಬದಲಿಸಿ, ಮೇಲೊಂದು ವಿಟಮಿನ್ ಬರೆಯುತ್ತಾರೆ. ‘ಒಂದ್ ಸಲೈನ್ ಹಚ್ರಿ ಸಾಹೇಬ್ರ’ ಎಂಬ ಒತ್ತಾಯಕ್ಕೆ ಒಮ್ಮೊಮ್ಮೆ ಮಣಿಯುತ್ತಾರೆ. ತಿಂಗಳು ಕಳೆದ ಮೇಲೆ ಅದೇ ರೋಗಿ, ಅದೇ ದೂರು, ಇನ್ನಷ್ಟು ಏರಿದ ಶುಗರ್.

ಮಧುಮೇಹಿಗಳಲ್ಲಿ ಖಿನ್ನತೆಯ ಸಾಧ್ಯತೆ ಉಳಿದವರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಎಂಬುದು ವೈದ್ಯಲೋಕಕ್ಕೆ ಹೊಸ ಸಂಗತಿಯಲ್ಲ. ಮನಸ್ಸು ಕುಸಿದವರು ಗುಳಿಗೆ ತಪ್ಪಿಸುತ್ತಾರೆ, ನಡೆಯುವುದನ್ನು ಬಿಡುತ್ತಾರೆ. ಗಂಡಸರಲ್ಲಿ ಗುಟ್ಕಾ, ಕುಡಿತ ಹೆಚ್ಚುತ್ತದೆ. ಸಕ್ಕರೆ ಏರಿದಾಗ ಬರುವ ಅಂಗಾಲಿನ ಉರಿ, ಔಷಧದ ಖರ್ಚು ಮನಸ್ಸನ್ನು ಮತ್ತೆ ಕುಗ್ಗಿಸುತ್ತವೆ. ರಕ್ತಹೀನತೆ, ಥೈರಾಯ್ಡ್ ಕೊರತೆಗಳಂತೂ ಖಿನ್ನತೆಯ ವೇಷದಲ್ಲೇ ಬರುತ್ತವೆ. ಹಾಗಾಗಿ ರಕ್ತ ಪರೀಕ್ಷೆಯನ್ನೂ ಮಾಡಿಸದೆ ‘ಎಲ್ಲಾ ನಿನ್ನ ಮನಸ್ಸಿಂದು’ ಎಂದು ಸಾಗಹಾಕುವುದೂ ಅಷ್ಟೇ ತಪ್ಪು.

ಇದಕ್ಕೆ ರಾಜ್ಯ ಸರ್ಕಾರದ ಉತ್ತರ 2014ರ ‘ಮನೋಚೈತನ್ಯ’: ಮಂಗಳವಾರ ಮನೋವೈದ್ಯರೇ ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ. ಒಳ್ಳೆಯದೇ. ಆದರೆ ಗೋವಿನಜೋಳದ ಕಟಾವಿಗೆ ಹೋಗುವ ಹೆಣ್ಣುಮಗಳು ಬಿ.ಪಿ. ಗುಳಿಗೆಗೆ ಒಂದು ದಿನ, ಮನಸ್ಸಿಗೆ ಇನ್ನೊಂದು ದಿನ ಎಂದು ಕೂಲಿ ಬಿಡಲಾರಳು. ‘ಹುಚ್ಚರ ಡಾಕ್ಟರ್’ ಬಾಗಿಲಲ್ಲಿ ಓಣಿಯವರ ಕಣ್ಣಿಗೆ ಬೀಳುವ ಅಂಜಿಕೆ ಬೇರೆ. ಖಿನ್ನತೆಯಿರುವ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ ಎಂದು ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಹೇಳಿತ್ತು.

ವಿಚಿತ್ರವೆಂದರೆ, ಕೇಳಬೇಕಾದ ಪ್ರಶ್ನೆ ಆಗಲೇ ಆಶಾ ಕಾರ್ಯಕರ್ತೆಯ ಚೀಲದಲ್ಲಿದೆ. 30 ದಾಟಿದವರಿಗೆಂದು ತುಂಬುವ ‘ಸಿಬ್ಯಾಕ್’ ಎಂಬ ತಪಾಸಣಾ ನಮೂನೆಯ ಕೊನೆಯ ಭಾಗದಲ್ಲಿ ಎರಡು ಪ್ರಶ್ನೆಗಳಿವೆ: ಎರಡು ವಾರಗಳಿಂದ ಯಾವುದರಲ್ಲೂ ಆಸಕ್ತಿ ಇಲ್ಲವೇ? ಬೇಸರ, ಹತಾಶೆ ಕಾಡುತ್ತಿದೆಯೇ? ಎರಡೂ ಉತ್ತರಗಳ ಒಟ್ಟು ಅಂಕ ಮೂರು ದಾಟಿದರೆ ಸಮುದಾಯ ಆರೋಗ್ಯಾಧಿಕಾರಿಯ ಬಳಿಗೋ ವೈದ್ಯಾಧಿಕಾರಿಯ ಬಳಿಗೋ ಕಳಿಸಬೇಕು. ಆದರೆ ಮನೆಯ ಕಟ್ಟೆಯ ಮೇಲೆ, ಅತ್ತೆಯ ಎದುರಿಗೆ ಕೇಳಿದರೆ ಯಾವ ಸೊಸೆಯೂ ಸೊನ್ನೆಗಿಂತ ಹೆಚ್ಚು ಹೇಳಲಾರಳು. ಹೇಳಿದಳೆಂದೇ ಇಟ್ಟುಕೊಳ್ಳೋಣ, ಮುಂದೇನು? ನಮೂನೆಗೆ ಆ ಚಿಂತೆಯಿಲ್ಲ.

‘ಮೂರು ನಿಮಿಷಕ್ಕೊಬ್ಬ ರೋಗಿ, ಇದನ್ನೂ ನಾವೇ ನೋಡಬೇಕೆ?’ ಎಂಬ ವೈದ್ಯರ ಆಕ್ಷೇಪ ನ್ಯಾಯವಾದದ್ದು. ಅದಕ್ಕೆ ಉತ್ತರ ಪಕ್ಕದ ಗೋವಾದಲ್ಲಿದೆ. ಅಲ್ಲಿ ಸ್ಥಳೀಯರನ್ನೇ ಆಪ್ತಸಮಾಲೋಚಕರಾಗಿ ತರಬೇತುಗೊಳಿಸಿ ನಡೆಸಿದ ‘ಮಾನಸ್’ ಪ್ರಯೋಗದ ಫಲಿತಾಂಶ 2010ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು: ಫಲ ಚೆನ್ನಾಗಿ ಕಂಡದ್ದು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ, ಖಾಸಗಿ ಕ್ಲಿನಿಕ್‌ಗಳಲ್ಲಲ್ಲ! ಬೆಂಗಳೂರಿನ ಡಯಾಕಾನ್ ಸೇರಿದಂತೆ ದೇಶದ ನಾಲ್ಕು ಮಧುಮೇಹ ಚಿಕಿತ್ಸಾ ಕೇಂದ್ರಗಳ 404 ರೋಗಿಗಳ ಮೇಲಿನ ಅಧ್ಯಯನ 2020ರಲ್ಲಿ ಹೊರಬಂತು. ಶುಗರ್, ಖಿನ್ನತೆ ಎರಡನ್ನೂ ಒಬ್ಬರೇ ಸಂಯೋಜಕರು ನೋಡಿಕೊಂಡು, ತಜ್ಞರು ಆಗಾಗ ಪಟ್ಟಿ ಪರಿಶೀಲಿಸಿದ ಗುಂಪಿನಲ್ಲಿ ಶೇ 71.6 ಮಂದಿಯ ಖಿನ್ನತೆ ಅರ್ಧಕ್ಕಾದರೂ ಇಳಿದು, ಜೊತೆಗೆ ಶುಗರ್, ಬಿ.ಪಿ., ಕೊಲೆಸ್ಟ್ರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿತ್ತು. ಮಾಮೂಲಿ ಚಿಕಿತ್ಸೆಯವರಲ್ಲಿ ಅದು ಶೇ 57.4. ಅವು ನಗರದ ದೊಡ್ಡ ಕೇಂದ್ರಗಳು, ನಿಜ. ಆದರೆ ರಾಮನಗರ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಇದೇ ದಾರಿಯಲ್ಲಿ ಕೆಲಸ ಮಾಡಿದೆ.

ಸವಣೂರಿಗೆ ಬೇಕಿರುವುದು ಹೊಸ ಕಟ್ಟಡವಲ್ಲ. ಶುಗರ್ ನೋಡುವ ದಿನವೇ, ಅದೇ ನರ್ಸ್ ಮರೆಯಲ್ಲಿ ಕೂರಿಸಿಕೊಂಡು ಆ ಎರಡು ಪ್ರಶ್ನೆ ಕೇಳಲಿ, ಉತ್ತರ ಬಿ.ಪಿ. ಕಾರ್ಡಿನಲ್ಲೇ ದಾಖಲಾಗಲಿ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ‘ಗುಣಾನ ಕಾಣ್ಲಿಲ್ಲ’ ಎಂದು ರೋಗಿ ಬಿಡುವುದು ಆ ನಡುವೆಯೇ. ಆಗ ಒಂದು ಫೋನ್ ಹೋಗಬೇಕು. ಸಾಯುವ ಮಾತಾಡಿದವರನ್ನು ಮಂಗಳವಾರದವರೆಗೆ ಕಾಯಿಸದೆ ಅಂದೇ ತಜ್ಞರಿಗೆ ತಲುಪಿಸಬೇಕು, ಟೆಲಿ ಮಾನಸ್‌ ಸಹಾಯವಾಣಿಯ 14416 ಸಂಖ್ಯೆಯನ್ನು ಮನೆಯವರಿಗೂ ಕೊಡಬೇಕು. ಮಾತ್ರೆಗೆ ಬಗ್ಗದವರಷ್ಟೇ ಮಂಗಳವಾರದ ಸರದಿಗೆ ಹೋಗಲಿ. ಇನ್ನು ಜಿಲ್ಲಾ ಪರಿಶೀಲನಾ ಸಭೆಗಳಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಕೇಳಬೇಕಾದದ್ದು ಎಷ್ಟು ಜನರನ್ನು ತಪಾಸಣೆ ಮಾಡಿದಿರಿ ಎಂದಲ್ಲ. ಅಂಕ ಮೂರು ದಾಟಿದವರಲ್ಲಿ ಎಷ್ಟು ಮಂದಿ ಮೂರು ತಿಂಗಳ ಮೇಲೂ ಚಿಕಿತ್ಸೆಯಲ್ಲಿ ಉಳಿದಿದ್ದಾರೆ ಎಂದು.