ಹಾಟ್ ಫ್ಲ್ಯಾಶ್‌ಗೆ ಹಾರ್ಮೋನ್ ಇಲ್ಲದ ಮಾತ್ರೆ: ಏನಿದು ನ್ಯೂರೋಕೈನಿನ್? ಲಿವರ್ ಎಚ್ಚರಿಕೆ ಏಕೆ?

ಫ್ಯಾನ್ ಕೆಳಗೆ ಕುಳಿತಿದ್ದರೂ ಇದ್ದಕ್ಕಿದ್ದಂತೆ ಎದೆಯಿಂದ ಮುಖದವರೆಗೆ ಕಾವು ಏರುತ್ತದೆ. ಬೆವರು ಸುರಿಯುತ್ತದೆ, ಸ್ವಲ್ಪ ಹೊತ್ತಿಗೆ ಮೈ ನಡುಗುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ 'ಉಷ್ಣ ಆಗಿದೆ' ಎಂದು ಹೇಳಿ ಎಳನೀರು ಕೊಟ್ಟು ಸುಮ್ಮನಾಗುತ್ತೇವೆ. ಆದರೆ ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಬರುವ ಈ ಹಾಟ್ ಫ್ಲ್ಯಾಶ್‌ನ ಮೂಲ ಊಟದಲ್ಲಿಲ್ಲ, ಮಿದುಳಿನಲ್ಲಿದೆ.

ಆ ಮೂಲಕ್ಕೇ ತಡೆ ಹಾಕುವ ಫೆಜೊಲಿನೆಟಂಟ್ ಮಾತ್ರೆಗೆ ಅಮೆರಿಕದ ಎಫ್‌ಡಿಎ 2023ರ ಮೇ ತಿಂಗಳಲ್ಲಿ ಅನುಮತಿ ಕೊಟ್ಟಿತು. 2025ರ ಅಕ್ಟೋಬರ್‌ನಲ್ಲಿ ಬೇಯರ್ ಕಂಪನಿಯ ಎಲಿಂಜಾನೆಟಂಟ್‌ಗೂ ಒಪ್ಪಿಗೆ ಸಿಕ್ಕಿತು. ಎರಡೂ ಹಾರ್ಮೋನ್ ಅಲ್ಲ. ಹಾಗೆಂದು 'ಪವಾಡ ಮಾತ್ರೆ' ಎಂಬ ಹೆಡ್‌ಲೈನ್ ಹಾಕುವುದು ತಪ್ಪು.

ಮಿದುಳಿನ ಹೈಪೋಥಲಾಮಸ್ ದೇಹದ ಬಿಸಿಯನ್ನು ಹತೋಟಿಯಲ್ಲಿಡುವ ಜಾಗ. ಅಲ್ಲಿನ ಕೆಲವು ನರಕೋಶಗಳು ನ್ಯೂರೋಕೈನಿನ್ ಬಿ ಎಂಬ ರಾಸಾಯನಿಕದಿಂದ ಸಂದೇಶ ಕಳಿಸುತ್ತವೆ. ಅದು ಕೀಲಿಕೈಯಾದರೆ, ಎನ್‌ಕೆ3 ರಿಸೆಪ್ಟರ್ ಬೀಗ. ಈಸ್ಟ್ರೋಜನ್ ಇರುವಷ್ಟು ದಿನ ಈ ಕೋಶಗಳಿಗೆ ಕಡಿವಾಣವಿರುತ್ತದೆ. ಅದು ಕುಸಿದಾಗ ಕೋಶಗಳು ಉಬ್ಬಿ ಅತಿಯಾಗಿ ಕೆಲಸ ಮಾಡತೊಡಗುತ್ತವೆ. ಈ ಉಬ್ಬುವಿಕೆಯನ್ನು ಮೊದಲು ಗುರುತಿಸಿದವರಲ್ಲಿ ಅಮೆರಿಕದ ವಿಜ್ಞಾನಿ ನವೋಮಿ ರ‍್ಯಾನ್ಸ್ ಪ್ರಮುಖರು. ಆಗ ಮೈ ಬಿಸಿಯಾಗದಿದ್ದರೂ ಬಿಸಿಯಾಗಿದೆ ಎಂದೇ ಮಿದುಳು ತಿಳಿಯುತ್ತದೆ, ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ. ಹೊಸ ಮಾತ್ರೆಗಳು ಆ ಬೀಗವನ್ನು ಮುಚ್ಚುತ್ತವೆ. ಎಲಿಂಜಾನೆಟಂಟ್ ಎನ್‌ಕೆ1 ಅನ್ನೂ ಮುಚ್ಚುತ್ತದೆ.

ಈ ಕುಟುಂಬದ ಚರಿತ್ರೆಯಲ್ಲಿ ಗೆಲುವಿಗಿಂತ ಸೋಲೇ ಹೆಚ್ಚು. ಎನ್‌ಕೆ1 ಬೀಗದ ಕೀಲಿಕೈಯಾದ 'ಸಬ್‌ಸ್ಟೆನ್ಸ್ ಪಿ' ಪತ್ತೆಯಾದದ್ದು 1931ರಲ್ಲಿ. ಅದನ್ನು ತಡೆದರೆ ನೋವು, ಖಿನ್ನತೆ ಎರಡೂ ಹೋಗುತ್ತವೆ ಎಂಬ ನಿರೀಕ್ಷೆ ದೊಡ್ಡ ಪ್ರಯೋಗಗಳಲ್ಲಿ ಮಣ್ಣುಪಾಲಾಯಿತು. ಕೈಹಿಡಿದದ್ದು ಕೀಮೋಥೆರಪಿಯ ವಾಂತಿ ತಡೆಯುವ ಅಪ್ರೆಪಿಟಂಟ್. ಅದಕ್ಕೆ ಅನುಮತಿ ಸಿಕ್ಕಿದ್ದು 2003ರಲ್ಲಿ.

ಹಾಗಾದರೆ ಹೊಸ ಮಾತ್ರೆ ಯಾರಿಗೆ? ಹಾಟ್ ಫ್ಲ್ಯಾಶ್‌ಗೆ ಇಂದಿಗೂ ಹೆಚ್ಚು ಪರಿಣಾಮಕಾರಿ ಚಿಕಿತ್ಸೆ ಹಾರ್ಮೋನ್‌ನದ್ದೇ. ಅದರ ಮೇಲಿದ್ದ ಕಠಿಣ ಎಚ್ಚರಿಕೆಗಳನ್ನು ತೆಗೆಯುವುದಾಗಿ ಎಫ್‌ಡಿಎ 2025ರ ನವೆಂಬರ್‌ನಲ್ಲಿ ಪ್ರಕಟಿಸಿತು. ಆದರೆ ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಹಾರ್ಮೋನ್ ಕೊಡುವಂತಿಲ್ಲ. ಇಷ್ಟು ವರ್ಷ ಅವರು ಕೇಳಿದ್ದು 'ಸಹಿಸಿಕೊಳ್ಳಿ' ಎಂಬ ಮಾತನ್ನೇ. ನಿಜವಾದ ಭರವಸೆ ಇರುವುದು ಇವರಿಗೆ ಎಂಬುದು ನನ್ನ ಅಭಿಪ್ರಾಯ.

ಬೆಲೆ ತೆರಬೇಕಾದದ್ದೂ ಇದೆ. ಅಪರೂಪಕ್ಕೆ ಗಂಭೀರ ಲಿವರ್ ಹಾನಿ ಕಂಡುಬಂದದ್ದರಿಂದ 2024ರ ಡಿಸೆಂಬರ್‌ನಲ್ಲಿ ಫೆಜೊಲಿನೆಟಂಟ್ ಮೇಲೆ ಎಫ್‌ಡಿಎ ತನ್ನ ಅತಿ ಕಠಿಣ ಎಚ್ಚರಿಕೆ ಹಾಕಿಸಿತು. ಮಾತ್ರೆ ಶುರು ಮಾಡುವ ಮುನ್ನ, ಮೊದಲ 3 ತಿಂಗಳು ಪ್ರತಿ ತಿಂಗಳು, ಬಳಿಕ 6 ಮತ್ತು 9ನೇ ತಿಂಗಳಲ್ಲಿ ರಕ್ತ ಪರೀಕ್ಷೆ ಆಗಲೇಬೇಕು. ಎಲಿಂಜಾನೆಟಂಟ್‌ಗೆ ಅಂಥ ಎಚ್ಚರಿಕೆ ಇಲ್ಲದಿದ್ದರೂ ಲಿವರ್ ಪರೀಕ್ಷೆ ಬೇಕು. ನಿದ್ದೆಯ ಮಂಪರೂ ಬರಬಹುದು.

ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು ಸುಮಾರು 46-47, ಪಾಶ್ಚಾತ್ಯರಿಗಿಂತ ಕೆಲವು ವರ್ಷ ಮೊದಲು. ಅಂದರೆ ಕೆಲಸ, ಮಕ್ಕಳ ಪರೀಕ್ಷೆ, ಅತ್ತೆ ಮಾವನ ಆರೈಕೆ ಎಲ್ಲ ಒಟ್ಟಿಗೆ ಇರುವ ಹೊತ್ತಿಗೆ. ವಾಟ್ಸಾಪ್ ಫಾರ್ವರ್ಡ್ ನೋಡಿ ಅಮೆರಿಕದಲ್ಲಿರುವ ಮಗಳಿಂದ ಮಾತ್ರೆ ತರಿಸುವ ಬದಲು ಸ್ತ್ರೀರೋಗ ತಜ್ಞರನ್ನು ಕಾಣಿ. ರಾತ್ರಿ ಬೆವರಿಗೆ ಥೈರಾಯ್ಡ್, ಟಿಬಿ ಕೂಡ ಕಾರಣವಿರಬಹುದು. ಈಗಾಗಲೇ ಮಾತ್ರೆ ನುಂಗುತ್ತಿರುವವರು ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ತಕ್ಷಣ ಮಾತ್ರೆ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.